ಬೆಸುಗೆ ಹಾಕಿದ ಗಿಂಡಿ

ವೆಂಕಟಾಚಲ ಬಾಯಿ ತೆರೆದರೆ ಜನ ನಗುತ್ತಾರೆ ಎಂಬ ಮಾತು ಬೇ ಏರಿಯಾದ ಕನ್ನಡಿಗರಲ್ಲೆಲ್ಲ ಹಬ್ಬಿತ್ತು. ಮೈಸೂರಿನ ಕಾಲೇಜಿನಲ್ಲಿ ಪ್ರಿನ್ಸಿಪಾಲರ ನಡಿಗೆಯನ್ನು ಅಣಕಿಸಿ ಒಂದು ವಾರ ಮನೆಯಲ್ಲಿ ಕೂತವನು, ಸನಿವೇಲ್‌ನಲ್ಲಿ ಸೀನಿಯರ್ ಇಂಜಿನಿಯರ್ ಆಗಿ ತಲೆ ಬೋಳಾಗತೊಡಗಿದ ಮೇಲೂ ಆ ಚಟ ಬಿಟ್ಟಿರಲಿಲ್ಲ. ಯುಗಾದಿಯಿರಲಿ, ರಾಜ್ಯೋತ್ಸವವಿರಲಿ, ಕನ್ನಡ ಕೂಟದಲ್ಲಿ ಊಟಕ್ಕೆ ಮುಂಚಿನ ಅರ್ಧ ಗಂಟೆ ಅವನದೇ. ಪಕ್ಕದಲ್ಲಿ ಬಿಸಿಬೇಳೆಬಾತಿನ ಪಾತ್ರೆಯ ಮುಚ್ಚಳ ತೆಗೆದಿರುವಾಗ ಹಸಿದ ಇನ್ನೂರು ಜನರನ್ನು ಕುರ್ಚಿಯಲ್ಲಿ ಹಿಡಿದಿಡುವುದು ಹುಡುಗಾಟವಲ್ಲ. ವೆಂಕಟಾಚಲ ಹಿಡಿದಿಡುತ್ತಿದ್ದ.

ಇಂಥವನ ಒಬ್ಬಳೇ ಮಗಳು ಮೈಥಿಲಿ ಒಂದೂವರೆ ವರ್ಷದಿಂದ ನಕ್ಕಿರಲಿಲ್ಲ.

ಹದಿನೈದು ತುಂಬಿ ಹದಿನಾರಕ್ಕೆ ಬಿದ್ದ ಹುಡುಗಿ. ಸೊಂಟದ ಕೆಳಗಿಳಿಯುತ್ತಿದ್ದ ಜಡೆಯನ್ನು ಅಡುಗೆಮನೆಯ ಕತ್ತರಿಯಲ್ಲಿ ತಾನೇ ಕತ್ತರಿಸಿಕೊಂಡಿದ್ದಳು. ಕಪ್ಪು ಟೀ ಶರ್ಟು, ಕಪ್ಪು ಪ್ಯಾಂಟು, ಕಣ್ಣಿನ ಸುತ್ತ ಏಟು ಬಿದ್ದವರ ಹಾಗೆ ಕಾಡಿಗೆ. ಮುಂದಿನ ಹಲ್ಲೊಂದರ ಮೂಲೆ ಮುರಿದಿತ್ತು. ಹೇಗೆ ಮುರಿಯಿತೆಂದು ಕೇಳಿದರೆ ‘ಐ ಫೆಲ್’ ಎಂದಷ್ಟೇ ಹೇಳಿದ್ದಳು. ಡೆಂಟಿಸ್ಟ್ ಹತ್ತಿರ ಹೋಗೋಣವೆಂದರೆ ಬೇಡವೆಂದಿದ್ದಳು. ಡೆಬಿ ಎಂಬ ಅವಳ ಗೆಳತಿಗೆ ಒಂದು ಸ್ಕೇಟ್‌ಬೋರ್ಡು, ಒಂದು ಎಲೆಕ್ಟ್ರಿಕ್ ಗಿಟಾರು ಇದ್ದವು; ಹಲ್ಲು ಸ್ಕೇಟ್‌ಬೋರ್ಡಿನ ಲೆಕ್ಕಕ್ಕೆ ಹೋಯಿತು. ಮನೆಗೆ ಬಂದವರ ಎದುರು ವೆಂಕಟಾಚಲ ಆ ಹಲ್ಲಿನ ಮೇಲೂ ಒಂದು ಜೋಕು ಮಾಡಿದ್ದ.

ಎಲ್ಲಕ್ಕಿಂತ ದೊಡ್ಡ ಕಾಟ ಸಂಗೀತದ್ದು. ಸ್ಕೂಲಿನಿಂದ ಬಂದವಳೇ ಕೋಣೆಯ ಬಾಗಿಲು ಹಾಕಿಕೊಂಡರೆ, ಓಡುತ್ತಿರುವ ಮಿಕ್ಸಿಯೊಳಗೆ ಚಮಚ ಬಿದ್ದಂಥ ಸದ್ದು. ಅದರ ನಡುವೆ ಯಾರೋ ಗಂಟಲು ಹರಿದುಕೊಂಡು ಸಾವು, ಸಮಾಧಿ, ನರಕ ಎಂದು ಅರಚುವುದು. ಅವಳ ತಾಯಿ ಪದ್ಮಜಾ ಫ್ರೀಮಾಂಟಿನ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು, ಸುಲಭವಾಗಿ ಹೆದರುವವಳಲ್ಲ. ಆದರೆ ಮಗಳ ಮಂಚದ ಕೆಳಗಿನ ಶೂ ಬಾಕ್ಸಿನಲ್ಲಿ ತಲೆಬುರುಡೆಯ ಚಿತ್ರವಿದ್ದ ಇಪ್ಪತ್ತು ಕ್ಯಾಸೆಟ್ಟು ಕಂಡ ದಿನ ಅವಳೂ ಹೆದರಿದಳು. ಮಗಳಿಲ್ಲದ ಹೊತ್ತಿನಲ್ಲಿ ಟೇಪ್ ರೆಕಾರ್ಡರಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಯ ಮೇಲೆ ಸುಟ್ಟಳು. ಸ್ಮೋಕ್ ಅಲಾರಂ ಹೊಡೆದುಕೊಂಡು, ಪಕ್ಕದ ಮನೆಯ ಮುದುಕ ನೀರಿನ ಪೈಪು ಹಿಡಿದು ಓಡಿಬಂದ. ದೃಷ್ಟಿ ಹೋಗಲಿಲ್ಲ, ಮೆಣಸಿನ ಘಾಟು ಮಾತ್ರ ಎರಡು ದಿನ ಉಳಿಯಿತು.

ಆಫೀಸಿನಲ್ಲಿ ಒಬ್ಬ ಸಹೋದ್ಯೋಗಿ ತನ್ನ ಚರ್ಚಿನಲ್ಲಿ ಹಂಚಿದ ಹಾಳೆಯೊಂದನ್ನು ವೆಂಕಟಾಚಲನಿಗೆ ಕೊಟ್ಟ. ಮಕ್ಕಳು ಸೈತಾನನ ಕೈಗೆ ಸಿಕ್ಕಿರುವುದಕ್ಕೆ ಹದಿನಾಲ್ಕು ಲಕ್ಷಣಗಳು ಅದರಲ್ಲಿದ್ದವು. ಅವನು ಪೆನ್ಸಿಲ್ ಹಿಡಿದು ಗುರುತು ಹಾಕುತ್ತ ಹೋದ. ಹನ್ನೊಂದು ಹೊಂದಿದವು. ಸೈತಾನ ನಮ್ಮವನಲ್ಲ, ನಮಗೇನು ಮಾಡಿಯಾನು ಎಂದು ಪದ್ಮಜಾಳೊಡನೆ ನಕ್ಕನಾದರೂ ಆ ಹಾಳೆಯನ್ನು ಎಸೆಯಲಿಲ್ಲ.

ನಿಜ ಹೇಳಬೇಕೆಂದರೆ ಅವನಿಗೆ ಭಯಕ್ಕಿಂತ ನಾಚಿಕೆಯೇ ಹೆಚ್ಚು. ಗಣೇಶನ ಹಬ್ಬಕ್ಕೆ ಕೂಟದ ಕಾರ್ಯದರ್ಶಿ ಶ್ರೀಕಂಠನ ಮನೆಗೆ ಹೋದಾಗ ಮೈಥಿಲಿ ಕಾರಿನಿಂದ ಇಳಿಯಲೇ ಇಲ್ಲ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಮೂರು ಗಂಟೆ ಅಲ್ಲೇ ಕೂತಳು. ಒಳಗಿದ್ದ ಹೆಂಗಸರು ಒಬ್ಬೊಬ್ಬರಾಗಿ ಕಿಟಕಿಯ ಪರದೆ ಸರಿಸಿ ನೋಡಿದರು. ಯಾರೋ ಪದ್ಮಜಾಳ ತೋಳು ಮುಟ್ಟಿ, “ಏನಾದ್ರೂ ಪ್ರಾಬ್ಲಮ್ಮಾ?” ಎಂದು ಪಿಸುಗುಟ್ಟಿದರು. ತಾನು ಹೇಳಿದ್ದಕ್ಕೆ ನಗಬೇಕಾದ ಮಂದಿ ತನ್ನ ಮನೆಯ ಬಗ್ಗೆ ಪಿಸುಗುಟ್ಟುವುದನ್ನು ವೆಂಕಟಾಚಲ ಸಹಿಸಲಾರದೆ ಹೋದ.

ಹಾಗಾಗಿ ಅಕ್ಟೋಬರಿನಲ್ಲಿ ಶ್ರೀಕಂಠ ಫೋನು ಮಾಡಿ, “ರಾಜ್ಯೋತ್ಸವಕ್ಕೆ ಈ ಸಲ ಏನು ಐಟಮ್ಮು?” ಎಂದಾಗ ಅವನಿಗೆ ಒಂದು ಉಪಾಯ ಹೊಳೆಯಿತು. ಜನ ಬೆನ್ನ ಹಿಂದೆ ನಗುವ ಮೊದಲು ತಾನೇ ಮುಂದೆ ನಿಂತು ನಗಿಸಿಬಿಟ್ಟರೆ ನಾಚಿಕೆಯೂ ಹಗುರವಾಗುತ್ತದೆ. ಶೂ ಬಾಕ್ಸಿನಿಂದ ಎರಡು ಕ್ಯಾಸೆಟ್ಟು ತೆಗೆದುಕೊಂಡು ಹೋಗಿ, ಲಂಚ್ ಹೊತ್ತಿನಲ್ಲಿ ಕಾರಿನೊಳಗೆ ಕೂತು, ನಿಲ್ಲಿಸಿ ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿ, ಹಳದಿ ಕಾಗದದ ಪ್ಯಾಡಿನಲ್ಲಿ ಹಾಡುಗಳನ್ನು ಬರೆದುಕೊಂಡ. ಇಂಜಿನಿಯರ್ ಅಲ್ಲವೇ, ಕೆಲಸ ಅಚ್ಚುಕಟ್ಟು. ಮೊದಲ ಕ್ಯಾಸೆಟ್ಟಿನಿಂದ ಮೂರು ಹಾಡು ಸಿಕ್ಕವು. ಎರಡನೆಯದರ ಮೇಲೆ ಹೆಸರಿರಲಿಲ್ಲ, ಪೆನ್ನಿನಲ್ಲಿ ಬರೆದ ಒಂದು ಬುರುಡೆ ಮಾತ್ರ. ಇಂಥ ಹೆಸರಿಲ್ಲದ ಟೇಪುಗಳನ್ನು ಈ ಹುಡುಗರು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆಂದು ಅವನು ಕೇಳಿದ್ದ. ಗ್ಯಾರೇಜಿನಲ್ಲಿ ಮಾಡಿದಂಥ ರೆಕಾರ್ಡಿಂಗು, ಒಂದೇ ಗಿಟಾರು, ಒಡೆದ ಗಂಟಲಿನ ಒಂದು ಹೆಣ್ಣು ದನಿ. ಅದನ್ನೂ ಬರೆದುಕೊಂಡ. ಕೊನೆಯ ಸಾಲನ್ನು ಗಿಟಾರು ನುಂಗಿಹಾಕಿತ್ತು, ಎಷ್ಟು ಸಲ ಕೇಳಿದರೂ ತಿಳಿಯಲಿಲ್ಲ. ಅಲ್ಲೊಂದು ಗೆರೆ ಎಳೆದು ಖಾಲಿ ಬಿಟ್ಟ. ಆ ಹಾಡು ಅರ್ಥವೂ ಆಗಲಿಲ್ಲ, ನಗುವೂ ಬರಿಸಲಿಲ್ಲ. ಪ್ಯಾಡಿನ ಕೊನೆಯಲ್ಲಿ ಹಾಗೇ ಉಳಿಯಿತು.

ಇಲ್ಲಿ ಕಥೆ ನಿಲ್ಲಿಸಿ ಒಂದು ಹಳೆಯ ವಿಷಯ ಹೇಳಬೇಕು. ಹೇಳದಿದ್ದರೆ ಮುಂದಿನದು ಯಾರಿಗೂ ಅರ್ಥವಾಗದು.

ವೆಂಕಟಾಚಲನ ತಾಯಿ ಗಂಡ ತೀರಿಕೊಂಡ ಮೇಲೆ ಮೈಸೂರಿನಿಂದ, ಫ್ರೀಮಾಂಟಿನ ಪಕ್ಕದ ನೆವಾರ್ಕಿನ ಈ ಮನೆಗೆ ಬಂದಿದ್ದರು. ಆಗ ಮೈಥಿಲಿಗೆ ಎಂಟು ವರ್ಷ. ಮುದುಕಿಯ ಸೂಟ್‌ಕೇಸಿನಲ್ಲಿ ರೇಷ್ಮೆ ವಸ್ತ್ರದಲ್ಲಿ ಸುತ್ತಿದ ಒಂದು ತಾಮ್ರದ ಗಿಂಡಿಯಿತ್ತು. ಕಾಶಿಯಲ್ಲಿ ಗಂಗೆ ತುಂಬಿಸಿ ಬಾಯಿಗೆ ಬೆಸುಗೆ ಹಾಕಿಸಿ ತಂದದ್ದು. ಏರ್‌ಪೋರ್ಟಿನಲ್ಲಿ ಕಸ್ಟಮ್ಸಿನವನು ಅದನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದಾಗ, “ಅಲ್ಲಾಡಿಸ್ಬೇಡಪ್ಪ, ನನ್ನ ಕೊನೇ ನೀರು ಅದು,” ಎಂದು ಕನ್ನಡದಲ್ಲೇ ಹೇಳಿದ್ದರು. ದೇವರ ಮುಂದೆ ಅದನ್ನಿಟ್ಟುಕೊಂಡು ಮೊಮ್ಮಗಳಿಗೆ ಆಗಾಗ ತೋರಿಸುತ್ತಿದ್ದರು: ನಾನು ಹೊರಡೋ ದಿನ ನಿಮ್ಮಪ್ಪ ಇದನ್ನ ಒಡೆದು ನನ್ನ ಬಾಯಿಗೆ ಬಿಡ್ತಾನೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಅಜ್ಜಿ ಮೊಮ್ಮಗಳು ಆರು ವರ್ಷ ಇಬ್ಬರೇ ಮಧ್ಯಾಹ್ನಗಳನ್ನು ಕಳೆದರು. ಮೈಥಿಲಿಗೆ ಬಂದ ಕನ್ನಡವೆಲ್ಲ ಆ ಮಧ್ಯಾಹ್ನಗಳಲ್ಲಿ ಬಂದದ್ದು.

ಎಂಬತ್ತೈದನೆಯ ಇಸವಿಯ ಮಾರ್ಚಿನಲ್ಲಿ ಒಂದು ಬುಧವಾರ ಅವಳು ಸ್ಕೂಲಿನಿಂದ ಬಂದಾಗ ಅಜ್ಜಿ ಅಡುಗೆಮನೆಯಲ್ಲಿ ಬಿದ್ದಿದ್ದರು. ಹುಡುಗಿ ಆಂಬುಲೆನ್ಸಿಗೆ ಫೋನು ಮಾಡಿದಳು, ಆಮೇಲೆ ಅಪ್ಪನ ಆಫೀಸಿಗೆ. ವೆಂಕಟಾಚಲ ಮೀಟಿಂಗಿನಲ್ಲಿದ್ದ. ‘ಮಗಳು ಫೋನ್ ಮಾಡಿದ್ದಳು, ಕೂಡಲೇ ಮಾಡಬೇಕಂತೆ’ ಎಂದು ಬರೆದ ಗುಲಾಬಿ ಚೀಟಿಯನ್ನು ರಿಸೆಪ್ಷನಿಸ್ಟ್ ತಂದುಕೊಟ್ಟಳು. ಹಿಂದಿನ ವಾರ ಇಂಥದೇ ಚೀಟಿ ವಿಸಿಆರ್ ಕೆಟ್ಟಿದೆಯೆಂದು ಬಂದಿತ್ತು. ಅವನು ಚೀಟಿಯನ್ನು ಜೇಬಿಗೆ ಹಾಕಿ, ಅರ್ಧಕ್ಕೆ ನಿಂತಿದ್ದ ಜೋಕನ್ನು ಮುಗಿಸಿದ. ಎಲ್ಲರೂ ನಕ್ಕರು. ನಲವತ್ತು ನಿಮಿಷ ಬಿಟ್ಟು ಫೋನು ಮಾಡಿದಾಗ ಎತ್ತಿದವನು ಆಂಬುಲೆನ್ಸಿನವನು.

ಆ ಸಂಜೆ ಮೈಸೂರಿನಲ್ಲಿದ್ದ ಅಣ್ಣ ತಿರುಮಲೇಶನಿಗೆ ಅಮ್ಮ ಹೋದ ಸುದ್ದಿ ಮುಟ್ಟಿಸಿದಾಗ ಅಣ್ಣ ಕೇಳಿದ ಮೊದಲ ಪ್ರಶ್ನೆ, “ಗಂಗೆ ಬಿಟ್ಟೆಯೇನೋ?” ವೆಂಕಟಾಚಲನ ಬಾಯಿಂದ “ಬಿಟ್ಟೆ” ಎಂಬ ಒಂದು ಮಾತು ಜಾರಿತು. ಆ ಕಡೆ ಅಣ್ಣ ಗೋಳೋ ಎಂದು ಅತ್ತ. ನೀನು ಪುಣ್ಯವಂತ ಕಣೋ, ಹಿರೀಮಗನಾಗಿ ನನಗೆ ಸಿಗದೇ ಇದ್ದದ್ದು ನಿನಗೆ ಸಿಕ್ತು ಎಂದ. ಇನ್ನು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಹದಿಮೂರನೆಯ ದಿನ ಬಂದವರಿಗೆಲ್ಲ ಅವನು ಬೆಸುಗೆ ಒಡೆದದ್ದನ್ನು, ಅಮ್ಮ ಮೂರು ಗುಟುಕು ಕುಡಿದದ್ದನ್ನು, ತನ್ನ ತೊಡೆಯ ಮೇಲೆ ಕಣ್ಣು ಮುಚ್ಚಿದ್ದನ್ನು ಹೇಳಿದ. ಹೇಳುವ ಕಲೆ ಹೇಗೂ ಇತ್ತು. ಅದಕ್ಕೂ ಮೊದಲು ಮಗಳನ್ನು ಪಕ್ಕಕ್ಕೆ ಕರೆದು, “ಯಾರಾದ್ರೂ ಕೇಳಿದ್ರೆ ಅಪ್ಪಾನೇ ಗಂಗೆ ಬಿಟ್ರು ಅನ್ನು ಪುಟ್ಟಿ. ದೊಡ್ಡಪ್ಪನಿಗೆ ನೋವಾಗತ್ತೆ,” ಎಂದಿದ್ದ. ಹದಿನಾಲ್ಕು ವರ್ಷದ ಹುಡುಗಿ ತಲೆಯಾಡಿಸಿದಳು. ಆ ದಿನ ನಿಜಕ್ಕೂ ಏನಾಯಿತೆಂದು ಅವನು ಅವಳನ್ನು ಕೇಳಲಿಲ್ಲ. ಪದ್ಮಜಾಗೆ ಎಲ್ಲ ಗೊತ್ತಿತ್ತು, ಅವಳೂ ಸುಮ್ಮನಿದ್ದಳು. ಒಡೆಯದ ಗಿಂಡಿ ಯಾರ ಕಣ್ಣಿಗೂ ಬೀಳಬಾರದೆಂದು ಬಟ್ಟೆಯ ಕ್ಲಾಸೆಟ್ಟಿನ ಮೇಲಿನ ಹಲಗೆಯಲ್ಲಿ, ಸೂಟ್‌ಕೇಸುಗಳ ಹಿಂದೆ ಸೇರಿತು.

ಇಷ್ಟು ಆದ ಒಂದೂವರೆ ವರ್ಷಕ್ಕೆ ಬಂದದ್ದು ಆ ರಾಜ್ಯೋತ್ಸವ.

ನವೆಂಬರಿನ ಒಂದು ಶನಿವಾರ ಮಧ್ಯಾಹ್ನ ಫ್ರೀಮಾಂಟಿನ ಸ್ಕೂಲೊಂದರ ಕೆಫೆಟೇರಿಯಾ. ಮೈಥಿಲಿಯನ್ನು ಪದ್ಮಜಾ ಬೇಡಿಕೊಂಡು ಕರೆತಂದಿದ್ದಳು. ಕಪ್ಪು ಬಟ್ಟೆಯಲ್ಲೇ ಬಂದವಳನ್ನು ಶ್ರೀಕಂಠ ಊಟದ ಮೇಜಿನ ಹತ್ತಿರ ಪೇಪರ್ ಪ್ಲೇಟು ಹಂಚುವ ಕೆಲಸಕ್ಕೆ ನಿಲ್ಲಿಸಿದ. ನಾಡಗೀತೆಯಾಯಿತು, ಮಕ್ಕಳ ಕೋಲಾಟವಾಯಿತು, ಅಧ್ಯಕ್ಷರ ಭಾಷಣವೂ ಹೇಗೋ ಮುಗಿಯಿತು. ಆಮೇಲೆ ವೆಂಕಟಾಚಲ ಹಳದಿ ಪ್ಯಾಡು ಹಿಡಿದು ಮೈಕಿನ ಮುಂದೆ ನಿಂತ.

“ನನ್ನ ಸ್ನೇಹಿತರೊಬ್ಬರ ಮಗಳು ಈಗಿನ ಕಾಲದ ಸಂಗೀತ ಕೇಳ್ತಾಳೆ. ಪಾಪ ಅವರಿಗೆ ಅರ್ಥ ಆಗಲ್ಲ. ಅವರಿಗೋಸ್ಕರ ಕನ್ನಡಕ್ಕೆ ತಂದಿದೀನಿ,” ಎಂದ. ಸ್ನೇಹಿತ ಯಾರೆಂಬುದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತು. ಅವನು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ಊರಿನ ರೇಡಿಯೋದಲ್ಲಿ ವಾರ್ತೆ ಓದುವವರ ಗಂಭೀರ ದನಿಯಲ್ಲಿ ಶುರು ಮಾಡಿದ: “ವಾರ್ತೆಗಳು. ಸೈತಾನರು ಇಂದು ಬೆಳಗಿನ ಜಾವ ನರಕದಿಂದ ಹೊರಟು, ಭೂಮಿಯ ಬಹುಭಾಗವನ್ನು ಸುಟ್ಟುಹಾಕಿದ್ದಾರೆಂದು ತಿಳಿದುಬಂದಿದೆ. ಸತ್ತವರು ಸಮಾಧಿಗಳಿಂದ ಎದ್ದು ಬಂದು ಈ ಕ್ರಮವನ್ನು ಸ್ವಾಗತಿಸಿದ್ದಾರೆ.”

ಸಭೆ ಬಿದ್ದು ಬಿದ್ದು ನಕ್ಕಿತು. ವಾರ್ತೆ ಕೇಳುತ್ತ ಕಾಫಿ ಕುಡಿದು ಬೆಳೆದ ಮಂದಿ ಅವರು. ಆ ದನಿಗೆ ಹತ್ತು ಸಾವಿರ ಮೈಲಿ ದೂರದಲ್ಲಿ ಹೊಟ್ಟೆ ಹಿಡಿದುಕೊಂಡರು. ಎರಡನೆಯ ಹಾಡಿಗೆ ಕಣ್ಣೊರೆಸಿಕೊಂಡರು. ಮೂರನೆಯದು ಮುಗಿದಾಗ ಚಪ್ಪಾಳೆ ನಿಲ್ಲಲಿಲ್ಲ. ವೆಂಕಟಾಚಲ ಕೈಮುಗಿದು ಇಳಿಯಹೊರಟ. ಗದಗಿನ ಸಂಗನಬಸಪ್ಪ ಎದ್ದು ನಿಂತು, “ಒನ್ಸ್ ಮೋರ್, ಹಂಗ ಬಿಡಂಗಿಲ್ರಿ,” ಎಂದ. ನಾಲ್ಕು ಸಾಲು ಅವನ ಜೊತೆ ಕೂಗಿತು.

ಆ ಕೂಗಿಗೆ ಬೇಡ ಎನ್ನುವಷ್ಟು ಗಟ್ಟಿಗ ಅವನಲ್ಲ. ಪ್ಯಾಡು ಮಗುಚಿ ಕೊನೆಯ ಹಾಳೆ ತೆಗೆದ. ಇದನ್ನು ಕನ್ನಡಕ್ಕೆ ಮಾಡಿಟ್ಟುಕೊಂಡಿರಲಿಲ್ಲ. ನಿಂತಲ್ಲೇ ಸಾಲು ನೋಡಿ ಸಾಲು ಹೇಳುತ್ತ ಹೋದ.

“ಇದೀಗ ಬಂದ ಸುದ್ದಿ. ಹಳದಿ ನೆಲದ ಮೇಲೆ ವೃದ್ಧ ಮಹಿಳೆಯೊಬ್ಬರು ಮಲಗಿದ್ದಾರೆ.” ನಗು. “ಅವರ ನದಿಯನ್ನು ಲೋಹದೊಳಗೆ ಬೀಗ ಹಾಕಿ ಇಡಲಾಗಿದೆ.”

“ಯಾವ ಡ್ಯಾಮ್ರೀ ಅದು?” ಎಂದ ಸಂಗನಬಸಪ್ಪ. ನಗು ಇಮ್ಮಡಿಯಾಯಿತು.

“ಬೀಗವನ್ನು ಹಲ್ಲಿನಿಂದ ಕಚ್ಚಲಾಯಿತು. ಬೀಗ ತೆರೆಯಲಿಲ್ಲ. ಗೋಡೆಯಿಂದ ನೀರು ಹಿಡಿದು ತಂದು, ನಾಲ್ಕು ಚಮಚ ಬಾಯಿಗೆ...”

‘ಬಾಯಿಗೆ ಬಿಡಲಾಯಿತು’ ಎನ್ನಬೇಕಿತ್ತು. ನಾಲಗೆ ‘ಬಾಯಿಗೆ’ ಎನ್ನುವಷ್ಟರಲ್ಲಿ ವೆಂಕಟಾಚಲನಿಗೆ ತಾನು ಏನು ಓದುತ್ತಿದ್ದೇನೆಂದು ತಿಳಿಯಿತು. ಕಾರಿನಲ್ಲಿ ಕೂತು ಹತ್ತು ಸಲ ಕೇಳಿದಾಗ ಆ ಇಂಗ್ಲಿಷ್ ಸಾಲುಗಳು ಯಾವುದೋ ಊರಿನ ಯಾರದೋ ಹುಚ್ಚಾಗಿದ್ದವು. ಕನ್ನಡದಲ್ಲಿ ಹೇಳಿದ ಕೂಡಲೇ ಅವು ಅವನ ಅಡುಗೆಮನೆಗೆ ಬಂದು ನಿಂತವು. ಹಳದಿ ಲಿನೋಲಿಯಂ ನೆಲ, ಗೋಡೆಗೆ ಹಚ್ಚಿದ ಸಿಂಕು, ಅದರ ನಲ್ಲಿ. ಆ ಒಡೆದ ದನಿ ಯಾರದೆಂಬುದೂ ತಿಳಿಯಿತು. ಸ್ವಂತ ಮಗಳ ದನಿಯನ್ನು ಅವನು ಗುರುತಿಸಿರಲಿಲ್ಲ. ಗುರುತಿಸುವುದು ಹೇಗೆ, ಒಂದೂವರೆ ವರ್ಷದಿಂದ ಎಸ್, ನೋ, ಫೈನ್ ಎಂಬ ಮೂರು ಮಾತು ಬಿಟ್ಟು ಅವನು ಕೇಳಿದ್ದಾದರೂ ಏನು?

ಹಾಳೆಯಲ್ಲಿ ಇನ್ನೂ ಮೂರು ಸಾಲುಗಳಿದ್ದವು. ಅವನದೇ ಅಚ್ಚುಕಟ್ಟಾದ ಅಕ್ಷರ. ನದಿ ಕೊಟ್ಟವನು ನಾನೇ ಎಂದು ದೊರೆ ಊರಿಗೆಲ್ಲ ಸಾರುತ್ತಾನೆ. ಮಗು, ನಿನ್ನ ಬಾಯಿಗೂ ಬೆಸುಗೆ ಎನ್ನುತ್ತಾನೆ. ಆಮೇಲೆ ಖಾಲಿ ಗೆರೆ.

ತಲೆಯೆತ್ತಿದ. ಮುಂದಿನ ಸಾಲಿನಲ್ಲಿ ಪದ್ಮಜಾ ನಗುವುದನ್ನು ನಿಲ್ಲಿಸಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಹಿಂದೆ, ಊಟದ ಮೇಜಿನ ಪಕ್ಕ, ಮೈಥಿಲಿ ಎದೆಗೆ ಪ್ಲೇಟುಗಳ ಕಟ್ಟು ಒತ್ತಿಕೊಂಡು ಅವನನ್ನೇ ನೋಡುತ್ತಿದ್ದಳು. ಸಭೆಯೆಲ್ಲ ಮುಂದಿನ ಮಾತಿಗೆ ಬಾಯಿ ತೆರೆದು ಕಾಯುತ್ತಿತ್ತು. ಆಗ ಅವನು ಮೈಕು ಬಿಟ್ಟು ಇಳಿದು ಹೋಗಬಹುದಿತ್ತು. ಸುಮ್ಮನೆ ನಿಂತಿದ್ದರೂ ಸಾಕಿತ್ತು. ಅಷ್ಟು ಯೋಗ್ಯತೆಯೂ ಅವನಲ್ಲಿರಲಿಲ್ಲ.

“...ಬಾಯಿಗೆ ಹಾಕಿದ ಕೂಡಲೇ ವೃದ್ಧ ಮಹಿಳೆ ಎದ್ದು ಕೂತು, ಬಿಸಿಬೇಳೆಬಾತ್ ಆಗಿದೆಯೇ ಎಂದು ವಿಚಾರಿಸಿದ್ದಾರೆ. ಆಗಿದೆಯೆಂದು ಶ್ರೀಕಂಠ ತಿಳಿಸಿದ್ದಾರೆ. ಇಲ್ಲಿಗೆ ವಾರ್ತೆಗಳು ಮುಕ್ತಾಯವಾದವು.”

ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವನ ಜೀವಮಾನದಲ್ಲಿ ಅಂಥ ಚಪ್ಪಾಳೆ ಬಿದ್ದಿರಲಿಲ್ಲ. ಇಳಿಯುವಾಗ ಶ್ರೀಕಂಠನ ಭುಜ ಹಿಡಿದುಕೊಂಡ. ಶ್ರೀಕಂಠ ಅದನ್ನು ಸಂತೋಷವೆಂದುಕೊಂಡು ತಬ್ಬಿಕೊಂಡ.

ಊಟದ ಸಾಲಿನಲ್ಲಿ ಸಿಕ್ಕವರೆಲ್ಲ ಬೆನ್ನು ತಟ್ಟಿದರು. ಸಂಗನಬಸಪ್ಪನ ತಾಯಿ ಚನ್ನಬಸವ್ವ ಮಾತ್ರ ನಗಲಿಲ್ಲ. ಊರಿನಿಂದ ಬಂದು ಎರಡು ತಿಂಗಳಾಗಿದ್ದ, ಕಿವಿ ಚುರುಕಾಗಿದ್ದ ಮುದುಕಿ. ಅವನ ಕೈ ಹಿಡಿದು ನಿಲ್ಲಿಸಿದರು.

“ಕಡೀಕ ಹೇಳಿದ್ಯಲ್ಲಪ್ಪಾ, ಆ ಮುದುಕಿ ಸುದ್ದಿ. ಅದಕ್ಕ ಮಂದಿ ಯಾಕ ನಕ್ಕರು? ಸಾಯೂ ಹೊತ್ತಿನ್ಯಾಗ ನೀರು ಹಾಕೂದು ಅಂದ್ರ ನಗೂ ಮಾತೇನು? ನೀರು ಹಾಕಿದವ್ರು ಯಾರು?”

“ಯಾರೂ ಅಲ್ಲಮ್ಮ,” ಎಂದ ವೆಂಕಟಾಚಲ. “ಸುಮ್ನೆ ಒಂದು ಹಾಡು.”

ಹೇಳಿ ತಿರುಗಿದರೆ ಅವನ ಎದುರಿಗೆ ಒಂದು ಪೇಪರ್ ಪ್ಲೇಟು. ಅದನ್ನು ಚಾಚಿದ್ದ ಕೈ ಮೈಥಿಲಿಯದು. ಅವಳು ಎಲ್ಲರಿಗೂ ಕೊಟ್ಟ ಹಾಗೆ ಅವನಿಗೂ ಒಂದು ಪ್ಲೇಟು ಕೊಟ್ಟು, ಹಿಂದಿದ್ದವರಿಗೆ ಇನ್ನೊಂದು ತೆಗೆದಳು. ಅವನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆ ಪ್ಲೇಟಿನಲ್ಲಿ ಏನು ಬಡಿಸಿದರು, ಏನು ತಿಂದ, ಒಂದೂ ಅವನಿಗೆ ಗೊತ್ತಾಗಲಿಲ್ಲ.

ಊಟವಾದ ಮೇಲೆ ಮನೆಗೆ ಹೊರಟರು. ಫ್ರೀವೇ ಮೇಲೆ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ನೆವಾರ್ಕಿನ ಎಕ್ಸಿಟ್ ಬಂದಾಗ ಪದ್ಮಜಾ ಕಿಟಕಿಯ ಕಡೆ ಮುಖ ಮಾಡಿ, “ನಾವು ಟೇಪ್ ರೆಕಾರ್ಡರಿಗೆ ದೃಷ್ಟಿ ತೆಗೆದ್ವಿ,” ಎಂದಳು. ಅಷ್ಟು ಹೇಳಿ ಅತ್ತಳು. ಹಿಂದಿನ ಸೀಟಿನಲ್ಲಿ ಹೆಡ್‌ಫೋನಿನ ಗುಂಯ್‌ಗುಡುವಿಕೆಯೂ ಇರಲಿಲ್ಲ.

ಮನೆಗೆ ಬಂದು ಮೈಥಿಲಿ ಕೋಣೆ ಸೇರಿದಳು, ಮಿಕ್ಸಿಯ ಸದ್ದು ಶುರುವಾಯಿತು. ವೆಂಕಟಾಚಲ ಕುರ್ಚಿ ಹಾಕಿಕೊಂಡು ಹತ್ತಿ ಸೂಟ್‌ಕೇಸುಗಳ ಹಿಂದೆ ಕೈ ಹಾಕಿದ. ರೇಷ್ಮೆ ವಸ್ತ್ರ ಬಿಚ್ಚಿ ಗಿಂಡಿಯನ್ನು ದೀಪದ ಕೆಳಗೆ ಹಿಡಿದ. ಕುತ್ತಿಗೆಯ ಸುತ್ತ ಬೆಸುಗೆಯ ಸೀಸದ ಮೇಲೆ ಸಣ್ಣ ಸಣ್ಣ ತಗ್ಗುಗಳಿದ್ದವು. ಒಂದೆರಡಲ್ಲ, ಸುತ್ತಲೂ. ಹುಡುಗಿ ತಿರುಗಿಸಿ ತಿರುಗಿಸಿ ಕಚ್ಚಿದ್ದಳು. ಒಂದು ಕಡೆ ತಾಮ್ರವೇ ಗೀಚಿಹೋಗಿತ್ತು. ಅಲ್ಲೇ ಹಲ್ಲು ಮುರಿದಿರಬೇಕು. ಆ ಹಲ್ಲಿನ ಮೇಲೆ ತಾನು ಮಾಡಿದ ಜೋಕು ಅಕ್ಷರ ಅಕ್ಷರ ನೆನಪಾಗಿ ಅವನು ಕುರ್ಚಿಯ ಮೇಲೆ ಕುಸಿದು ಕೂತ. ಅಷ್ಟು ನಾಚಿಕೆ ಅವನಿಗೆ ಯಾವತ್ತೂ ಆಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಬಾಗಿಲು ತಟ್ಟಿದ. ಯಾವಾಗಲೂ ತಟ್ಟಿದರೆ ಸದ್ದು ಜೋರಾಗುತ್ತಿತ್ತು. ಈ ಸಲ ನಿಂತಿತು. ಬಾಗಿಲು ತೆರೆದ ಮೈಥಿಲಿ ಅವನ ಕೈಯಲ್ಲಿದ್ದದ್ದನ್ನು ನೋಡಿದಳು.

“ಯು ಸ್ಕಿಪ್ಡ್ ದಿ ಎಂಡ್,” ಎಂದಳು.

“ಹೌದು. ಹಾರಿಸ್ದೆ. ಗೊತ್ತಾದ ಮೇಲೂ ನಗಿಸ್ದೆ.” ಗಿಂಡಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. “ಕೊನೇ ಲೈನು ನನಗೆ ಕೇಳಿಸ್ಲೇ ಇಲ್ಲ ಪುಟ್ಟಿ. ಖಾಲಿ ಬಿಟ್ಟಿದೀನಿ. ಏನದು?”

ಅವಳು ಮಂಚದ ಅಂಚಿನಲ್ಲಿ ಕೂತು, ಮುರಿದ ಹಲ್ಲನ್ನು ನಾಲಗೆಯಿಂದ ಸವರಿಕೊಂಡಳು. ಆಮೇಲೆ ಕನ್ನಡದಲ್ಲಿ ಹೇಳಿದಳು. ಅವನ ಅಮ್ಮನ ಕನ್ನಡ ಅದು, ಅದೇ ಎಳೆತ, ಅದೇ ರಾಗ.

“ಅಜ್ಜಿ ಬಾಯಿ ತೆಗೀಲಿಲ್ಲ. ಸ್ಪೂನು ಹಿಡಿದ್ರೂ ತೆಗೀಲಿಲ್ಲ. ವೆಂಕಟು ಬಂದ್ನೇನೇ ಅಂದ್ರು. ಎರಡು ಸಲ ಕೇಳಿದ್ರು. ನಾನು, ಬಂದ್ರು ಅಜ್ಜಿ, ಇಲ್ಲೇ ಇದಾರೆ, ಅವರೇ ಗಂಗೆ ಕೊಡ್ತಿದಾರೆ ಅಂದೆ. ಆಮೇಲೆ ತೆಗೆದ್ರು. ನಾಲ್ಕು ಸ್ಪೂನು ಕುಡಿದ್ರು.”

ವೆಂಕಟಾಚಲ ಬಾಗಿಲ ಚೌಕಟ್ಟು ಹಿಡಿದುಕೊಂಡ.

“ದಟ್ಸ್ ದಿ ಲಾಸ್ಟ್ ಲೈನ್,” ಎಂದಳು ಮೈಥಿಲಿ. “ಮೊದಲನೇ ಸುಳ್ಳು ನಂದು.”

ಅದು ಸುಳ್ಳು ಹೇಗಾಗುತ್ತದೆ ಎಂದು ಹೇಳಲು ಅವನು ಬಾಯಿ ತೆರೆದ. ಆ ಹೊತ್ತಿನಲ್ಲೂ ನಾಲಗೆಯ ತುದಿಗೆ ಏನೋ ಒಂದು ಹಗುರವಾದ ಮಾತು ಬಂದು ನಿಂತಿತ್ತು, ಅದನ್ನು ನುಂಗಿಕೊಂಡ. “ದೊಡ್ಡಪ್ಪನಿಗೆ ಫೋನ್ ಮಾಡ್ತೀನಿ,” ಎಂದ. “ಈಗ್ಲೇ. ಆಮೇಲೆ ಚನ್ನಬಸವ್ವನವರಿಗೆ ಮಾಡ್ತೀನಿ.”

ಅವಳು ಅವನನ್ನು ದಿಟ್ಟಿಸಿ ನೋಡಿದಳು. “ಡೋಂಟ್ ಮೇಕ್ ಇಟ್ ಫನಿ,” ಎಂದಳು.

ಫೋನು ಇದ್ದದ್ದು ಅಡುಗೆಮನೆಯ ಗೋಡೆಯಲ್ಲಿ. ಹಳದಿ ನೆಲದ ಮೇಲೆ ನಿಂತು ಅವನು ನಂಬರು ತಿರುಗಿಸಿದ. ಮೈಸೂರಿನಲ್ಲಿ ಆಗ ಭಾನುವಾರ ಬೆಳಗ್ಗೆ ಏಳೂವರೆ. ಪದ್ಮಜಾ ಒಲೆಯ ಹತ್ತಿರ ನಿಂತಳು. ಮೈಥಿಲಿ ಬಂದು ಬಾಗಿಲಲ್ಲಿ ನಿಂತಳು.

“ಏನೋ ವೆಂಕಟು,” ಎಂದ ಅಣ್ಣ. ತಮ್ಮನ ದನಿ ಕೇಳಿದರೆ ಸಾಕು, ಅವನಿಗೆ ಆಗಲೇ ಅರ್ಧ ನಗು. “ಏನು ಹೊಸ ಜೋಕು ತಂದಿದೀಯ? ಹೇಳು, ಹೇಳು.”

“ಅಮ್ಮನ ಬಾಯಿಗೆ ನೀರು ಬಿಟ್ಟದ್ದು ನಾನಲ್ಲ ಅಣ್ಣ. ನಾನು ಮನೇಲಿರ್ಲಿಲ್ಲ. ಬಿಟ್ಟದ್ದು ಮೈಥಿಲಿ.”

ಆ ಕಾಲದ ಫೋನಿನಲ್ಲಿ ಮಾತು ಅಲ್ಲಿಗೆ ಮುಟ್ಟುವುದಕ್ಕೆ ಒಂದು ಕ್ಷಣ, ಉತ್ತರ ಹಿಂದಕ್ಕೆ ಬರುವುದಕ್ಕೆ ಇನ್ನೊಂದು ಕ್ಷಣ ಬೇಕಿತ್ತು. ಆ ನಡುವೆ ಅಣ್ಣನ ಹಿಂದಿನ ನಗುವೇ ತಡವಾಗಿ ಬಂದು ರಿಸೀವರಿನ ತುಂಬ ತುಂಬಿಕೊಂಡಿತು. ಬಾಗಿಲಲ್ಲಿದ್ದ ಮೈಥಿಲಿಗೂ ಅದು ಕೇಳಿಸಿತು. ಆಮೇಲೆ ನಗು ನಿಂತಿತು.

“ಏನಂದೆ?” ಎಂದ ತಿರುಮಲೇಶ.

ವೆಂಕಟಾಚಲ ಮಗಳ ಕಡೆ ನೋಡಿದ. ಗಿಂಡಿ ಇನ್ನೂ ಅವನ ಕೈಯಲ್ಲೇ ಇತ್ತು. ಹೆಬ್ಬೆರಳಿನ ಕೆಳಗೆ ಹಲ್ಲಿನ ಗುರುತುಗಳು ಒಂದೊಂದಾಗಿ ತಾಗುತ್ತಿದ್ದವು. ಅವನು ಅದನ್ನೇ ಇನ್ನೊಂದು ಸಲ ಹೇಳಿದ, ಮೊದಲಿನಿಂದ, ಗುಲಾಬಿ ಚೀಟಿಯಿಂದ.